ಅಂಗಡಿಯ ಹೆಸರಿನ ಚಾನೆಲ್

ಇದನ್ನು ಬರೆಯಲು ಕೂತು, ಪೆನ್ನಿನ ಮುಚ್ಚಳ ಹಾಕಿ ಎದ್ದುಹೋದದ್ದು ಎಷ್ಟು ಸಲವೋ. ಮೊದಲು ಮೊಣಕಾಲು ನೋವಿನ ನೆಪ, ಆಮೇಲೆ ಕಣ್ಣಿನ ಆಪರೇಷನ್ನಿನ ನೆಪ. ಈಗ ಕಣ್ಣು ಚೆನ್ನಾಗಿಯೇ ಕಾಣುತ್ತದೆ.

ನಾನು ಮೆಟ್ರಿಕ್ ಓದಿದವನು. ಅಫಜಲಪುರದ ಕಡೆಯ ಒಂದು ಟಿವಿ ರಿಲೇ ಕೇಂದ್ರದಲ್ಲಿ ಸಹಾಯಕನಾಗಿ ಸೇರಿ ಅಲ್ಲೇ ತಲೆ ಬೆಳ್ಳಗಾದವನು. ಚಿತ್ರ ಮಸುಕಾದರೆ ಗುಂಡಿ ತಿರುವಿ ಶಕ್ತಿ ಏರಿಸುತ್ತಿದ್ದೆವು, ಚಿತ್ರ ತಿಳಿಯಾಗುತ್ತಿತ್ತು. ನಾನು ಕಲಿತ ವಿದ್ಯೆ ಅಷ್ಟೇ. ಮನೆಮನೆಗೂ ಡಿಶ್ ಬಂತು, ಕೇಂದ್ರ ಮುಚ್ಚಿತು, ನಾನು ಜೇವರ್ಗಿಯ ಮನೆಗೆ ಬಂದೆ. ಗುಜರಿಗೆ ಹಾಕಿದ ಸಾಮಾನಿನಲ್ಲಿ ಸಿಗ್ನಲಿನ ಶಕ್ತಿ ಏರಿಸುವ ಒಂದು ಆಂಪ್ಲಿಫೈಯರ್ ನನ್ನ ಟ್ರಂಕಿನೊಳಗೆ ಬಂತು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಟಿವಿ ರಿಪೇರಿ ಅಂಗಡಿ ಇತ್ತು. ರೇಡಿಯೋ ರಿಪೇರಿ ಮಾಡುತ್ತಿದ್ದ ತಂದೆಯ ಹೆಸರನ್ನೇ ಮಗ ಬೋರ್ಡಿನ ಮೇಲೆ ಉಳಿಸಿಕೊಂಡಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಣ್ಣಾ ಎನ್ನುತ್ತಿದ್ದ. ಒಂದು ದಿನ ಕೊರಿಯರಿನಲ್ಲಿ ಬಂದ ಪುಟ್ಟ ಸರ್ಕ್ಯೂಟ್ ಬೋರ್ಡನ್ನು ನನ್ನ ಅಂಗೈಯಲ್ಲಿಟ್ಟ.

"ನಿಮ್ಮ ಮಷೀನು ಒಂದು ಖೋಲಿ ತುಂಬ ಇತ್ತಲ್ರೀ ಅಣ್ಣಾ. ಇದ ನೋಡ್ರಿ, ಕಿಸೇದಾಗ ಹಿಡೀತದ."

"ಕಿಸೇದಾಗ ಹಿಡಿಯೋದು ತಂಬಾಕದ ಡಬ್ಬಿ. ಯಾರಿಗಿ ಹೇಳ್ತೀ ಲೇ?"

ಆದರೆ ಖರೆಯೇ. ನಮ್ಮ ಕೇಂದ್ರದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ. ಇಲ್ಲಿ ಆ ಎಲ್ಲ ಕೆಲಸವನ್ನೂ ಲ್ಯಾಪ್‌ಟಾಪಿನ ಸಾಫ್ಟ್‌ವೇರೇ ಮಾಡುತ್ತಿತ್ತು, ಬೋರ್ಡು ಸಿಗ್ನಲನ್ನು ಹೊರಗೆ ಬಿಡುತ್ತಿತ್ತು. ಅವನು ಅದನ್ನು ವೈರಿನಿಂದ ನೇರ ಟಿವಿಗೆ ಜೋಡಿಸಿದ. "ಗಾಳಿಗೆ ಬಿಡಾಕ ಲೈಸೆನ್ಸ್ ಬೇಕ್ರಿ. ನಮ್ಮ ಆಟ ವೈರಿನಾಗೇ ಇರ್ಲಿ."

ಸಾಫ್ಟ್‌ವೇರು ಚಾನೆಲ್ಲಿಗೆ ಒಂದು ಹೆಸರು ಕೇಳಿತು. ಅವನು ಯೋಚಿಸುತ್ತಿರುವಾಗಲೇ ನಾನು ಒಂದೇ ಬೆರಳಿನಿಂದ ಅಂಗಡಿಯ ಹೆಸರು ಒತ್ತಿದೆ. ಟಿವಿ ಹುಡುಕಿತು, ಪರದೆಯ ಮೇಲೆ ಅವನ ತಂದೆಯ ಹೆಸರು ಮೂಡಿತು. ಅವನು ಅಂಗಿಯ ತುದಿಯಿಂದ ಪರದೆ ಒರೆಸಿದ. "ಇದನ್ನ ನೋಡಾಕ ನಮ್ಮ ಅಬ್ಬಾ ಇರಬೇಕಿತ್ತು," ಎಂದು ಚಹಾ ತರಲು ಹೋದ.

ತಂಗಿಯ ಮಗಳ ಮದುವೆಗೆ ಆಳಂದಕ್ಕೆ ಹೋಗುವಾಗ ಕೀಲಿ ನನ್ನ ಕೈಗೆ ಕೊಟ್ಟ. "ಬೇಕಾದ್ದ ಮುಟ್ರಿ. ಆಂಟೆನಾ ಮಾತ್ರ ಹಚ್ಚಬ್ಯಾಡ್ರಿ ಅಣ್ಣಾ."

ನಾನು ಹಚ್ಚಿದೆ. ರಿಲೇ ಕೇಂದ್ರದ ಗೋಪುರ ಕಳೆದುಕೊಂಡವನ ಹುಚ್ಚು ಅದು. ಟ್ರಂಕಿನ ಆಂಪ್ಲಿಫೈಯರ್ ತಂದು, ಅಂಗಡಿಯ ಮಾಳಿಗೆಯ ಮೇಲಿನ ಹಳೆಯ ಆಂಟೆನಾಕ್ಕೆ ಜೋಡಿಸಿ, ನನ್ನ ಮನೆಯ ಟಿವಿಯಲ್ಲಿ ಬರುತ್ತದೋ ಎಂದು ಓಡಿದೆ. ಚಿತ್ರ ತುಂಡುತುಂಡಾಗಿ ಬಂದು ನಿಂತುಬಿಟ್ಟಿತು. ವಾಪಸ್ ಬಂದು ಶಕ್ತಿ ಏರಿಸಿದೆ. ಇನ್ನೂ ಕೆಟ್ಟಿತು, ಇನ್ನೂ ಏರಿಸಿದೆ. ಡಿಜಿಟಲ್ ಸಿಗ್ನಲನ್ನು ಅಳತೆ ಮೀರಿ ಏರಿಸಿದರೆ ಅದು ಒಡೆದು, ತನ್ನ ಜಾಗ ಬಿಟ್ಟು ಪಕ್ಕದವರ ಜಾಗಕ್ಕೆಲ್ಲ ಚೆಲ್ಲುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಆ ದಿನಗಳಲ್ಲೇ ಮೇಲಿನ ಅಣೆಕಟ್ಟಿನಿಂದ ಭೀಮಾ ಹೊಳೆಗೆ ನೀರು ಬಿಟ್ಟಿದ್ದರು. ಸೇತುವೆಯ ಬಳಿ ಪೊಲೀಸರು ಕಾವಲಿದ್ದರು. ಎರಡನೆಯ ದಿನ ಚಹಾದಂಗಡಿಯಲ್ಲಿ ಒಬ್ಬ ಪೇದೆ, "ವೈರ್‌ಲೆಸ್ ಬರೀ ಗರ್ ಅನ್ನಾಕತ್ತದ. ಹೊಳಿ ಕಡೆಯವ್ರ ಮಾತು ಒಂದೂ ತಿಳಿವಲ್ದು," ಎನ್ನುತ್ತಿದ್ದ. ಅದು ನನ್ನದೇ ಕೆಲಸವೆಂದು ಆಗ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಅದು ಮಳೆಯ ಕಾಟ ಎಂದುಕೊಂಡೆ. ಅವತ್ತು ಬೆಳಿಗ್ಗೆಯಷ್ಟೇ, ಆಂಟೆನಾವನ್ನು ಮನೆಯ ಕಡೆ ತಿರುಗಿಸಿದ ಮೇಲೆ, ನನ್ನ ಮನೆಯ ಟಿವಿಯಲ್ಲಿ ಆ ಹೆಸರು ಮೊದಲ ಸಲ ಮೂಡಿತ್ತು. ಹೇಗೆ ಆರಿಸಲಿ?

ಮೂರನೆಯ ದಿನ ಮಧ್ಯಾಹ್ನ, ಮೇಲೆ ನಾಲ್ಕು ಆಂಟೆನಾ ಕಡ್ಡಿ ನೆಟ್ಟ, ಸಿಗ್ನಲಿನ ಮೂಲ ಹುಡುಕುವ ಜೀಪೊಂದು ಅಂಗಡಿಯ ಮುಂದೆ ನಿಧಾನವಾಗಿ ಹೋಯಿತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಇನ್ನೂ ನಿಧಾನವಾಗಿ ಬಂತು. ನಾನು ಎಲ್ಲ ಆರಿಸಿ, ಆಂಪ್ಲಿಫೈಯರನ್ನು ಚೀಲದಲ್ಲಿ ತುಂಬಿಕೊಂಡು ಹಿತ್ತಲ ದಾರಿಯಿಂದ ಮನೆ ಸೇರಿದೆ. ಮರುದಿನ ಊರಿಂದ ಬಂದವನಿಗೆ ಕೀಲಿ ಕೊಟ್ಟೆ. ಬೇರೇನೂ ಹೇಳಲಿಲ್ಲ.

ವೈರ್‌ಲೆಸ್ ಇಲಾಖೆಯ ಇಬ್ಬರು ಅಧಿಕಾರಿಗಳು ಅಂಗಡಿಗೆ ಬಂದಾಗ ನಾನು ಅಲ್ಲೇ ಸ್ಟೂಲಿನ ಮೇಲಿದ್ದೆ. ಗಾಳಿಯಲ್ಲಿ ಸಿಕ್ಕ ಚಾನೆಲ್ಲಿನ ಹೆಸರನ್ನು ತಮ್ಮ ಯಂತ್ರದಲ್ಲಿ ತೋರಿಸಿದರು.

"ಇದು ಯಾರ ಹೆಸರು?"

"ನಮ್ಮ ಅಬ್ಬಾಂದ್ರಿ ಸಾಹೇಬ್ರ. ಅಂಗಡಿ ಹೆಸರೂ ಅದೇ. ಆದ್ರ ನಾ ಮೂರು ದಿನ ಊರಾಗೇ ಇದ್ದಿಲ್ರಿ."

"ಹಚ್ಚಿಟ್ಟು ಹೋದ್ರ ಅದರ ಪಾಡಿಗೆ ಅದು ನಡೀತದ. ನೀ ಇರಬೇಕಂತಿಲ್ಲ." ಅಧಿಕಾರಿ ನನ್ನ ಕಡೆ ತಿರುಗಿದ. "ನೀವ್ಯಾರ್ರೀ?"

ಅಂಗಡಿಯವನೂ ನನ್ನನ್ನೇ ನೋಡುತ್ತಿದ್ದ. ಅವಸರವಿಲ್ಲದೆ, ನನ್ನ ಮಾತಿಗೆ ಜಾಗ ಬಿಟ್ಟುಕೊಟ್ಟವನ ಹಾಗೆ ನೋಡುತ್ತಿದ್ದ.

"ಟಿವಿ ರಿಪೇರಿಗೆ ಕೊಟ್ಟಿದ್ದೆರಿ," ಎಂದೆ.

ಅವನು ತಲೆ ತಗ್ಗಿಸಿದ. "ಹೌದ್ರಿ. ಗಿರಾಕಿ."

ಬೋರ್ಡು, ಲ್ಯಾಪ್‌ಟಾಪು ಹೋದವು. ಕೇಸಾಯಿತು. ಕೇಸಿಗಿಂತ ಮೊದಲು ಮಾತು ಬೆಳೆಯಿತು. ಹೊಳೆ ಏರಿದಾಗಲೇ ಯಾಕೆ ಮಾಡಿದ, ಯಾರ ಜೋಡಿ ಮಾತಾಡುತ್ತಿದ್ದ ಎಂದು ಚಹಾದಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಆಡಿಕೊಂಡರು. ಗಾಳಿಯಲ್ಲಿ ಸಿಕ್ಕದ್ದು ನನ್ನ ಮನೆತನದ ಹೆಸರಾಗಿದ್ದರೆ ಮುದುಕನ ಹುಚ್ಚಾಟ ಎಂದು ನಕ್ಕುಬಿಡುತ್ತಿದ್ದರು. ಸಿಕ್ಕದ್ದು ಮುಸಲ್ಮಾನನೊಬ್ಬನ ಹೆಸರು. ಅದು ಸಾಕಾಯಿತು. ಗಿರಾಕಿಗಳು ನಿಂತರು. ಒಂದು ದಿನ ತಂದೆಯ ಹೆಸರಿನ ಬೋರ್ಡನ್ನು ಅವನೇ ಏಣಿ ಹತ್ತಿ ಇಳಿಸಿದ. ನಾನು ಎದುರಿನ ಔಷಧಿ ಅಂಗಡಿಯೊಳಗೆ ನಿಂತು ನೋಡಿದೆ. ಹೊಳೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಬಹಳ ದಿನ ಆ ಒಂದು ಮಾತನ್ನು ಹಿಡಿದುಕೊಂಡು ಬದುಕಿದೆ.

ಅವನು ಅಂಗಡಿ ಮುಚ್ಚಿ ಆಳಂದಕ್ಕೆ ಹೋಗಿ ನೆಲೆಸಿದ್ದ. ಕಳೆದ ವರ್ಷ ನಾನು ಅಲ್ಲಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ರಸ್ತೆಯ ಬದಿಗೆ ಮೇಜು ಹಾಕಿಕೊಂಡು ಮಿಕ್ಸರ್ ಬಿಚ್ಚುತ್ತಿದ್ದವನು ತಲೆ ಎತ್ತಿದ.

"ಬರ್ರಿ. ಏನು ರಿಪೇರಿ ಅದ?"

ಅಣ್ಣಾ ಎನ್ನಲಿಲ್ಲ. ನಾನು ಏನಿಲ್ಲ ಎಂದು ಬಂದ ಬಸ್ಸಿಗೇ ಹತ್ತಿದೆ.

ನನ್ನ ಟಿವಿಯ ಪಟ್ಟಿಯಲ್ಲಿ ಆ ಚಾನೆಲ್ ಇನ್ನೂ ಇದೆ. ಒತ್ತಿದರೆ ಕಪ್ಪು ಪರದೆ, ಮೂಲೆಯಲ್ಲಿ ಹೆಸರು. ಮೊಮ್ಮಗಳು ಅಳಿಸಲು ಹೋದಾಗ ರಿಮೋಟ್ ಕಸಿದುಕೊಂಡೆ. "ಯಾರ ಹೆಸರದು ಅಜ್ಜಾ?" ಎಂದಳು. ಅವತ್ತು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಅದು ಆಳಂದದ ರಸ್ತೆಯ ಬದಿಗೆ ಕೂತು ಮಿಕ್ಸರ್ ರಿಪೇರಿ ಮಾಡುವವನ ತಂದೆಯ ಹೆಸರು. ನನ್ನನ್ನು ಗಿರಾಕಿ ಎಂದು ಹೇಳಿ ಉಳಿಸಿದ ಆ ಮಗನ ಹತ್ತಿರ ನಾನು ಇವತ್ತಿನವರೆಗೂ ತಪ್ಪಾಯಿತು ಎಂದಿಲ್ಲ.