ಕ್ಯಾನೋಪಿಯೊಳಗಿನ ಕುಂಕುಮ

ಬೂದಿಗೆರೆಯ ಬೈರೇಶನಿಗೆ ಪಿಲ್ಲಗುಂಪೆಯ ಒಂದು ಪ್ಲಾಸ್ಟಿಕ್ ಟ್ರೇ ಫ್ಯಾಕ್ಟರಿಯಲ್ಲಿ ಕೆಲಸ. ಏನು ಕೆಲಸ ಎಂದು ಕೇಳಿದವರಿಗೆ "ಮೌಲ್ಡಿಂಗ್ ಲೈನು" ಎನ್ನುತ್ತಿದ್ದ. ಸುಳ್ಳೇನಲ್ಲ. ಆ ಲೈನಿನ ಕಟ್ಟಕಡೆಯಲ್ಲಿ ನಿಂತು ಟ್ರೇ ಎಣಿಸಿ, ಪೆಟ್ಟಿಗೆಗೆ ತುಂಬಿ, ಮೇಲೊಂದು ಹಸಿರು ‘ಓಕೆ’ ಸ್ಟಿಕರ್ ಅಂಟಿಸುವವನು ಅವನೇ. ಟ್ರೇ ಅವನ ಕೈಗೆ ಬರುವಷ್ಟರಲ್ಲಿ ಮೌಲ್ಡಿಂಗ್ ಮುಗಿದಿರುತ್ತಿತ್ತು, ಅಷ್ಟೇ.

ಈ ಅರ್ಧಸತ್ಯ ಅವನ ಕುತ್ತಿಗೆಗೆ ಬಂದದ್ದು ಹೊಸಕೋಟೆಯ ಗುಲಾಮ್ ರಸೂಲ್ ಮೇಷ್ಟ್ರ ಮನೆಯಲ್ಲಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು, ಬೈರೇಶನಿಗೆ ಒಂದು ಹೂಜಿ ಬಿಡಿಸಲು ಕಲಿಸಹೋಗಿ ಸೋತವರು ಅವರು. ನಿವೃತ್ತರಾದ ಮೇಲೆ ನಡುಮನೆಯಲ್ಲಿ ಗ್ಲೈಡರ್ ಕಟ್ಟುತ್ತಿದ್ದರು. ಎಂಜಿನ್ನಿಲ್ಲದೆ ಗಾಳಿಯಲ್ಲೇ ತೇಲುವ ಪುಟ್ಟ ವಿಮಾನ. ಎರಡು ಮೀಟರ್ ರೆಕ್ಕೆ, ಒಂದೂವರೆ ವರ್ಷದ ಶ್ರಮ. ಎಲ್ಲ ಮುಗಿದು ಉಳಿದದ್ದು ಕ್ಯಾನೋಪಿ ಒಂದೇ. ಪೈಲಟ್ ಕೂರುವ ಜಾಗದ ಮೇಲೆ ಗಾಜಿನ ಗುಳ್ಳೆಯಂತೆ ಕಾಣುವ ಮುಚ್ಚಳ ಅದು. ಮೇಷ್ಟ್ರು ಜ್ಯೂಸ್ ಬಾಟಲಿ ಕಾಯಿಸಿ ಮೂರು ಸಲ ಪ್ರಯತ್ನಿಸಿದ್ದರು. ಮೂರೂ ಸುಟ್ಟ ಹಪ್ಪಳದಂತೆ ಮುದುರಿಕೊಂಡಿದ್ದವು.

"ನೀನು ಮೌಲ್ಡಿಂಗಲ್ಲೇ ಅಲ್ವೇನೋ ಇರೋದು?"

"ಮೇಷ್ಟ್ರೇ, ನಮ್ ಮಿಷನ್‌ಗೆ ಇದು ಹತ್ತು ಸೆಕೆಂಡಿನ್ ಕೆಲ್ಸ. ನಂಗೆ ಬಿಟ್ಬಿಡಿ."

ಬಾಯಿ ಅವನದು. ಮಿಷನ್ನು ಅವನದಲ್ಲ.

ಮೇಷ್ಟ್ರು ಹಳೆ ಬನಿಯನ್ನಿನಲ್ಲಿ ಸುತ್ತಿದ್ದ ಮರದ ಅಚ್ಚನ್ನು ಕೂಸಿನಂತೆ ಅವನ ಕೈಗಿಟ್ಟರು. ತಿಂಗಳುಗಟ್ಟಲೆ ಉಜ್ಜಿ ಹೊಳಪು ತಂದ ಅಚ್ಚು. ಅಡುಗೆಮನೆಯಿಂದ ಅವರ ಹೆಂಡತಿ ಫಕ್ರುನ್ನೀಸಾ ಎಚ್ಚರಿಸಿದರು: "ದಸರಾ ಆದ್ಮೇಲಿನ ಭಾನುವಾರ ಇದು ಹಾರ್ಲಿಲ್ಲಾಂದ್ರೆ ರೆಕ್ಕೆ ಬಾಲ ಎಲ್ಲಾ ಅಟ್ಟಕ್ಕೆ ಹೋಗ್ತದೆ. ನಡುಮನೇಲಿ ಕಾಲಿಡಕ್ಕೆ ಜಾಗ ಇಲ್ಲ."

ಮಾರನೆಯ ದಿನ ಬೈರೇಶ ಮಿಷನ್ ಆಪರೇಟರ್ ಮಂಜೇಶನ ಮುಂದೆ ನಿಂತ.

"ಗುರೂ, ಈ ಅಚ್ಚಿನ ಮೇಲೆ ಒಂದೇ ಒಂದು ಶಾಟು ಹೊಡ್ಕೊಡು. ಮರ್ಯಾದೆ ಪ್ರಶ್ನೆ."

"ಯಾರ್ ಮರ್ಯಾದೆ?"

"ಇದ್ರೆ ನಂದೇ ಕಣೋ."

ಮಂಜೇಶ ನಕ್ಕ. ನಕ್ಕವನು ಅರ್ಧ ಒಪ್ಪಿದ ಹಾಗೆ. "ಆಯುಧಪೂಜೆ ದಿನ ಮಿಷನ್ ಓಡ್ಸಂಗಿಲ್ಲ. ರಜ ಮುಗಿದ್ ದಿನ ಬೆಳಗ್ಗೆ, ಟ್ರೇ ಅಚ್ಚು ಕೂರ್ಸೋಕ್ ಮುಂಚೆ, ಮಿಕ್ಕಿರೋ ಪ್ಲಾಸ್ಟಿಕ್ ಹಾಳೇಲಿ ಒಂದು ಶಾಟು. ಕೆಟ್ರೆ ಇನ್ನೊಂದಿಲ್ಲ."

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಅವನು ಬೈರೇಶನಾಗುತ್ತಿರಲಿಲ್ಲ. ಪೂಜೆಯ ದಿನ, ಅಚ್ಚಿಗೂ ಒಂದು ಮಂಗಳಾರತಿ ಆಗಲಿ ಎಂದು ಅದನ್ನು ಮಿಷನ್ನಿನ ಮೇಲಿಟ್ಟು, ಕಡ್ಲೆಪುರಿ ಹಂಚುವ ಕಡೆ ಹೋದ. ಗುಡಿಸುವ ಅಮ್ಮಯಮ್ಮ ವಿಭೂತಿ ಕುಂಕುಮದ ತಟ್ಟೆ ಹಿಡಿದರೆ ತಕ್ಕಡಿ, ಸ್ಟೇಪ್ಲರ್, ಮಂಜೇಶನ ಹೆಲ್ಮೆಟ್ಟು ಯಾವುದನ್ನೂ ಬಿಡುವವಳಲ್ಲ. ಅಚ್ಚಿನ ಹಣೆಗೂ ಒದ್ದೆ ಬೆರಳಲ್ಲಿ ಮೂರೆಳೆ ವಿಭೂತಿ ಎಳೆದು, ನಡುವೆ ದುಂಡನೆಯ ಕುಂಕುಮ ಇಟ್ಟಿದ್ದಳು.

ರಜೆ ಮುಗಿದ ಬೆಳಗ್ಗೆ ಬೈರೇಶ ಅದನ್ನು ನೋಡದೆ ಇರಲಿಲ್ಲ. ಒರೆಸಲೆಂದು ಕೈ ಎತ್ತಿದ. ಪೂಜೆಯ ಕುಂಕುಮ ಒರೆಸಿದರೆ ಇರುವ ಒಂದು ಶಾಟೂ ಕೆಟ್ಟೀತು ಎಂದು ಕೈ ಇಳಿಸಿದ. ಮಂಜೇಶನ ಕಣ್ಣು ಹೀಟರಿನ ಮೇಲಿತ್ತು. ಕಾದ ಹಾಳೆ ತೊಟ್ಟಿಲಂತೆ ಜೋತುಬಿತ್ತು, ಅಚ್ಚು ಮೇಲೆದ್ದಿತು, ಮಿಷನ್ನು ನಡುವಿನ ಗಾಳಿಯನ್ನು ಸರ್ರನೆ ಎಳೆದು ಹಾಳೆಯನ್ನು ಅಚ್ಚಿಗೆ ಅಂಟಿಸಿತು. ಹತ್ತೇ ಸೆಕೆಂಡು. ಬೈರೇಶ ಆಡಿದ ಮಾತಲ್ಲಿ ಅದೊಂದು ನಿಜವಾಯಿತು.

ಮಂಜೇಶ ಅಚ್ಚಿನಿಂದ ಬಿಡಿಸಿ ಬೆಳಕಿಗೆ ಹಿಡಿದ. ಒಂದು ಸುಕ್ಕಿಲ್ಲ, ಗುಳ್ಳೆಯಿಲ್ಲ. ಒಳಮೈಯಲ್ಲಿ ಮಾತ್ರ ಮೂರೆಳೆ ವಿಭೂತಿ, ನಡುವೆ ಕುಂಕುಮ.

"ಏನ್ಲಾ ಇದು! ನಿನ್ ವಿಮಾನ ಶಿವಗಂಗೆಗೆ ಹರಕೆ ತೀರ್ಸಕ್ಕೆ ಹೊಂಟದಾ?"

"ಇನ್ನೊಂದು ಶಾಟು..."

"ಟ್ರೇ ಅಚ್ಚು ಬಂತು. ಜಾಗ ಬಿಡು, ನಡಿ."

ಮನೆಯಲ್ಲಿ ತೊಳೆದಾಗ ವಿಭೂತಿ ಹೋಯಿತು. ಕುಂಕುಮವನ್ನು ಕಾದ ಪ್ಲಾಸ್ಟಿಕ್ಕು ಕುಡಿದುಬಿಟ್ಟಿತ್ತು. ಸೋಪು ಹಾಕಿದ, ಟೂತ್‌ಪೇಸ್ಟು ಹಚ್ಚಿದ. ಇನ್ನೂ ಉಜ್ಜಿದರೆ ಗೀರು ಬೀಳುತ್ತಿತ್ತು. ಅವನ ತಾಯಿ ಲಕ್ಷ್ಮೀದೇವಮ್ಮ ನೋಡಿ, "ಲಕ್ಷಣವಾಗದೆ, ಬಿಡಪ್ಪ" ಎಂದರು. ಅದೇ ಅವನ ಭಯ. ಅವನ ಮಾತು ನಂಬಿ ಇದ್ದೊಂದು ಅಚ್ಚನ್ನು ಕೊಟ್ಟ ಮೇಷ್ಟ್ರಿಗೆ, ಗಾಜಿನಂತಿರಬೇಕಾದ್ದನ್ನು ಬೊಟ್ಟಿಟ್ಟು ಒಪ್ಪಿಸುವುದು ಹೇಗೆ?

ಶನಿವಾರ ಸಂಜೆ ಹೊಸಕೋಟೆಗೆ ಹೋದವನು ಬೊಟ್ಟಿನ ಮೇಲೆ ಹೆಬ್ಬೆರಳಿಟ್ಟೇ ಕ್ಯಾನೋಪಿ ತೋರಿಸಿದ. ಮೇಷ್ಟ್ರು ಪೆನ್ನಿನಲ್ಲಿ ಅಂಚು ಗುರುತಿಸಿದರು. ಸಣ್ಣ ಕತ್ತರಿಯಲ್ಲಿ ಕೂದಲೆಳೆಯಷ್ಟು ಕತ್ತರಿಸುವುದು, ಗ್ಲೈಡರಿನ ಮೇಲಿಟ್ಟು ನೋಡುವುದು, ಮತ್ತೆ ಕತ್ತರಿಸುವುದು. ಹೆಬ್ಬೆರಳು ಅಲ್ಲೇ ಇತ್ತು.

"ಬೆರಳು ತೆಗಿಯೋ. ಅದನ್ನೂ ಸೇರಿಸಿ ಅಂಟಿಸ್ಲಾ?"

ತೆಗೆದ. ತೆಗೆದ ಮೇಲೆ ಬಾಯಿ ನಿಲ್ಲಲಿಲ್ಲ. ಅಮ್ಮಯಮ್ಮ, ವಿಭೂತಿ, ಒರೆಸದೆ ಬಿಟ್ಟದ್ದು ಎಲ್ಲ ಹೇಳಿದ. ಕೊನೆಗೆ, "ನಾನು ಮೌಲ್ಡಿಂಗ್ ಮಾಡಲ್ಲ ಮೇಷ್ಟ್ರೇ. ಟ್ರೇ ಎಣಿಸ್ತೀನಿ" ಎಂದ.

ಮೇಷ್ಟ್ರು ಬೊಟ್ಟನ್ನು ಅಳೆಯುವವರಂತೆ ಕಣ್ಣು ಕಿರಿದಾಗಿಸಿ ನೋಡಿದರು. "ಸರಿಯಾಗಿ ಮಧ್ಯಕ್ಕೇ ಬಂದದೆ. ಏ ಫಕ್ರೂ, ಆ ಕೆಂಪು ಉಲ್ಲನ್ ಎಲ್ಲಿ?"

ಫಕ್ರುನ್ನೀಸಾ ಹೆಣಿಗೆಯ ಬುಟ್ಟಿಯಿಂದ ಒಂದೆಳೆ ಕಿತ್ತು ತಂದರು.

"ದೊಡ್ಡ ಗ್ಲೈಡರಲ್ಲಿ ಪೈಲಟ್ ಕಣ್ಣೆದುರಿಗೆ, ಕ್ಯಾನೋಪಿ ಹೊರಗೆ, ಇಂಥದೊಂದು ದಾರ ಅಂಟಿಸಿರ್ತಾರೆ ಕಣೋ. ವಿಮಾನ ನೆಟ್ಟಗೆ ಹೋಗ್ತಿದ್ರೆ ದಾರ ನೆಟ್ಟಗೆ, ಓರೆ ಹೋದ್ರೆ ದಾರ ಓರೆ. ಎಲ್ಲಿ ಅಂಟಿಸೋದು ಅಂತ ಅಳತೆ ಹಾಕ್ಬೇಕಿತ್ತು. ನಿಮ್ ಅಮ್ಮಯಮ್ಮ ಹಾಕ್ಕೊಟ್ಟವ್ಳೆ." ದಾರದ ತುದಿ ಬೊಟ್ಟಿನ ನೇರಕ್ಕೆ ಕೂತಿತು. ಕೆಂಪಿಗೆ ಕೆಂಪು ಸೇರಿ ಬೊಟ್ಟು ಬೇರೆಯಾಗಿ ಕಾಣದಾಯಿತು.

ಬೈರೇಶ ಕುರ್ಚಿಗಾಗಿ ತಡಕಾಡಿ ನೆಲದ ಮೇಲೇ ಕೂತ. "ಮತ್ತೆ... ಟ್ರೇ ವಿಷ್ಯ?"

ಮೇಷ್ಟ್ರು ಬಗ್ಗಿ ಅವನ ಮೊಣಕೈಯಿಂದ ಏನನ್ನೋ ಕಿತ್ತು ತೋರಿಸಿದರು. ಹಸಿರು ‘ಓಕೆ’ ಸ್ಟಿಕರ್. "ಬಂದಾಗೆಲ್ಲ ಒಂದು ಅಂಟಿಸ್ಕೊಂಡೇ ಬರ್ತೀಯಲ್ಲೋ. ಮಿಷನ್ ಓಡ್ಸೋನ ಮೈಗೆ ಸ್ಟಿಕರ್ ಯಾಕೆ ಅಂಟ್ತದೆ? ಮೊದಲನೇ ದಿನವೇ ಗೊತ್ತಿತ್ತು."

"ಗೊತ್ತಿದ್ದೂ ಅಚ್ಚು ಕೊಟ್ರಾ?"

"ಓಡ್ಸೋನು ನಿಂಗೆ ಗೊತ್ತಿರ್ತಾನಲ್ಲ."

"ಮಾತು ಸಾಕು, ಗೋಂದು ಹಚ್ಚಿ" ಎಂದರು ಫಕ್ರುನ್ನೀಸಾ. "ನಾಳೆ ಭಾನುವಾರ."

ಭಾನುವಾರ ಬೂದಿಗೆರೆ ಹತ್ತಿರ, ರಸ್ತೆ ಬಂದು ಮನೆ ಬಾರದ ಒಂದು ಲೇಔಟಿನಲ್ಲಿ ರಬ್ಬರ್ ಹಗ್ಗ ಎಳೆದು ಬಿಟ್ಟರು. ಗ್ಲೈಡರ್ ಸದ್ದಿಲ್ಲದೆ ಏರಿ ಎರಡು ಸುತ್ತು ಹಾಕಿ ಹುಲ್ಲಿನ ಮೇಲೆ ಜಾರಿ ನಿಂತಿತು. ಬೈರೇಶ ಓಡಿಹೋಗಿ ಮೊದಲು ನೋಡಿದ್ದು ಕ್ಯಾನೋಪಿಯನ್ನೇ. ಅಲುಗಾಡಿರಲಿಲ್ಲ. ಜೇಬಿನಿಂದ ಒಂದು ಸ್ಟಿಕರ್ ತೆಗೆದು ಗ್ಲೈಡರಿನ ಹೊಟ್ಟೆಯ ಕೆಳಗೆ ಅಂಟಿಸಿದ. ಅದು ಅವನಿಗೆ ನಿಜಕ್ಕೂ ಬರುವ ಕೆಲಸ.

ಅಲ್ಲೇ ನಿಂತು ನೋಡುತ್ತಿದ್ದ ವಾಚ್‌ಮನ್ ಆವಲಪ್ಪ, "ಏನಪ್ಪಾ, ಎಲ್ಲಿ ಕೆಲ್ಸ ನಿಂದು?" ಎಂದು ಕೇಳಿದ.

"ಪಿಲ್ಲಗುಂಪೆ. ಟ್ರೇ ಎಣಿಸ್ತೀನಿ" ಎಂದ ಬೈರೇಶ. ಹೇಳುವುದು ಇಷ್ಟು ಸಲೀಸು ಎಂದು ಅವನಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ.