ನಮ್ಮೆಲ್ಲರ ಪರವಾಗಿ ಕೊಟ್ರಪ್ಪ

ನಾನು ಎಷ್ಟು ವಾಟ್ಸಾಪ್ ಗುಂಪುಗಳ ಸದಸ್ಯನೆಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಒಂದಕ್ಕೂ ನಾನಾಗಿ ಸೇರಿದವನಲ್ಲ. ಹರಿಹರದ ಬಸ್ಸಿನಲ್ಲಿ ಪಕ್ಕ ಕೂತವರೊಬ್ಬರಿಗೆ ನಂಬರ್ ಕೊಟ್ಟ ತಪ್ಪಿಗೆ ಇಂದು ಮೂಲವ್ಯಾಧಿಯ ಮನೆಮದ್ದಿನ ಗುಂಪಿನಲ್ಲಿದ್ದೇನೆ. ಮೂಲವ್ಯಾಧಿ ಇನ್ನೂ ಬಂದಿಲ್ಲ. ಇಷ್ಟೊಂದು ಸಲಹೆ ಸಿದ್ಧವಾಗಿರುವಾಗ ಬರದಿದ್ದರೆ ಅದಕ್ಕೇ ಅವಮಾನ. ಹೋಗಲಿ, ಬಿಟ್ಟು ಬರೋಣವೆಂದರೆ ‘ಇಂಥವರು ಹೊರನಡೆದರು’ ಎಂದು ಗುಂಪಿನ ಯಜಮಾನರ ಕಿವಿಗೆ ಡಂಗುರ. ಸಂಜೆಯೊಳಗೆ ಫೋನ್: “ಯಾಕ್ರೀ ಮೇಷ್ಟ್ರೆ, ನಮ್ ಮ್ಯಾಲೆ ಸಿಟ್ಟೇನು?”

ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಜಾಲಗಳ ಪಾಠ ಹೇಳುವುದು ನನ್ನ ಕಸುಬು. ಹಾಗಾಗಿ ಹೇಳುತ್ತೇನೆ, ಜೀವವಿಲ್ಲದ ಯಂತ್ರಗಳಿಗೆ ನಮಗಿಂತ ಹೆಚ್ಚು ಮರ್ಯಾದೆ ಗೊತ್ತು. ಅಲ್ಲಿ ಮಲ್ಟಿಕಾಸ್ಟ್ ಎಂಬ ಏರ್ಪಾಡಿದೆ. ಕಳಿಸುವವನು ಒಂದು ಗುಂಪಿನ ವಿಳಾಸಕ್ಕೆ ಒಂದೇ ಸಲ ಕಳಿಸುತ್ತಾನೆ, ಬೇಕಾದವರಿಗೆಲ್ಲ ತಲುಪುತ್ತದೆ. ಬೇಕಾದವರು ಯಾರು? ‘ನನಗೆ ಬೇಕು’ ಎಂದು ತಾವಾಗಿ ಹೇಳಿಕೊಂಡವರು. ಕಂಪ್ಯೂಟರು ತನ್ನ ಓಣಿಯ ರೌಟರಿಗೆ, ಅಂದರೆ ಸಂದೇಶ ಹಂಚುವ ಪೆಟ್ಟಿಗೆಗೆ, ಹಾಗೆ ಹೇಳಿದರೆ ಸೇರಿದಂತೆ. ಇನ್ನೊಬ್ಬರು ಕತ್ತು ಹಿಡಿದು ಒಳಗೆ ದಬ್ಬುವಂತಿಲ್ಲ.

ರೌಟರೂ ಒಮ್ಮೆ ಸೇರಿಸಿಕೊಂಡು ಮರೆಯುವ ಆಸಾಮಿಯಲ್ಲ. ಆಗಾಗ ಕೇಳುತ್ತದೆ: ಈ ಗುಂಪಿನವರು ಇನ್ನೂ ಇದ್ದೀರಾ? ಎಲ್ಲ ಯಂತ್ರಗಳೂ ತುಸು ತಡೆಯುತ್ತವೆ. ಮೊದಲು ಬಾಯಿಬಿಟ್ಟದ್ದು ‘ಇದ್ದೇನೆ’ ಎನ್ನುತ್ತದೆ. ಅದನ್ನು ಕೇಳಿಸಿಕೊಂಡ ಉಳಿದವು ಸುಮ್ಮನಾಗುತ್ತವೆ. ಓಣಿಗೆ ನೀರು ಬಿಡುವವನಿಗೆ ಎಷ್ಟು ಮನೆಗೆ ಬೇಕೆಂಬ ಲೆಕ್ಕವೇಕೆ, ಒಬ್ಬರಿಗೆ ಬೇಕಿದ್ದರೂ ವಾಲ್ವ್ ತಿರುಗಿಸಿದರಾಯಿತು. ಯಾರೂ ಉತ್ತರಿಸದಿದ್ದರೆ ಬಂದ್ ಮಾಡಿದರಾಯಿತು. ಎಂಥ ಮೌನ, ಎಂಥ ಸಂಯಮ! ಹೋಲಿಸಿ ನೋಡಿ, ನಮ್ಮಲ್ಲಿ ಒಬ್ಬ ‘ಶುಭೋದಯ’ ಎಂದರೆ ಇಡೀ ಗುಂಪು ಕೈ ಮುಗಿಯುತ್ತಾ ನಿಲ್ಲುತ್ತದೆ.

ನೀರಿನ ಮಾತು ಬಂತಲ್ಲ. ದೇವರಾಜ ಅರಸು ಬಡಾವಣೆಯ ನಮ್ಮ ಓಣಿಗೂ ಒಂದು ಗುಂಪಿದೆ. ನಲ್ಲಿಯಲ್ಲಿ ನೀರು ಬರುವುದು ತನಗೆ ಮನಸ್ಸು ಬಂದಾಗ; ಬಂದಾಗ ಎದ್ದು ನೆಲದೊಳಗಿನ ಸಂಪು ತೊಟ್ಟಿಗೆ ಪೈಪು ಹಾಕಿಕೊಂಡವರಿಗಷ್ಟೇ ಉಂಟು. ಅದನ್ನು ತಿಳಿಸಲೆಂದೇ ಹುಟ್ಟಿದ ಗುಂಪು. ಅದರಲ್ಲಿ ನೀರಿನ ಸುದ್ದಿಯೊಂದು ಬಿಟ್ಟು ಮಿಕ್ಕೆಲ್ಲವೂ ಹರಿಯುತ್ತಿತ್ತು: ಗುಲಾಬಿ, ದೀಪ, ಹಸುಗೂಸಿನ ಕೈಯಲ್ಲಿ ವೇದಾಂತ. ಇದರ ಯಜಮಾನರು ನಮ್ಮ ಪಕ್ಕದ ಮನೆಯ ಚನ್ನಬಸಪ್ಪನವರು. ಮಂಡಿಪೇಟೆಯ ಅವರ ಮೆಣಸಿನಕಾಯಿ ಅಂಗಡಿಗೇ ಹೋಗಿ, ಸೀನುತ್ತಾ, ಮಲ್ಟಿಕಾಸ್ಟಿನ ಉಪನ್ಯಾಸ ಕೊಟ್ಟುಬಂದೆ.

“ಅಂದ್ರ ಆಗಾಗ ಕೇಳ್ಬೇಕು, ಸುಮ್ನಿದ್ದೋರನ್ನ ಕಿತ್ತು ಹಾಕ್ಬೇಕು. ಭಾಳ ಚಲೋ ಐತೆ ಬಿಡ್ರಿ” ಎಂದರು. ಓಣಿಗೆ ಒಬ್ಬ ಹೇಳಿದರೆ ಸಾಕೆಂಬ ಭಾಗಕ್ಕೆ ನಾನು ಬರುವಷ್ಟರಲ್ಲಿ ಅವರಿಗೆ ಗಿರಾಕಿ ಬಂದಿತ್ತು.

ಸೋಮವಾರ ಗುಂಪಿನಲ್ಲಿ ಪ್ರಶ್ನೆ ಬಂತು: “ಯಾರ್ಯಾರು ಇದೀರಿ?” ಎದುರುಮನೆಯ ಕೊಟ್ರಪ್ಪ ತಕ್ಷಣ “ಇದೀನಿ” ಎಂದ. ಅದರ ಹಿಂದೆ ಮಿಕ್ಕವರೂ ‘ಇದೀನಿ, ಇದೀನಿ’ ಎಂದು ಮುಗಿಬಿದ್ದರು. ಅಜ್ಞಾನಿಗಳು! ನಾನು ಮಾತ್ರ ಶಾಸ್ತ್ರೋಕ್ತವಾಗಿ ಸುಮ್ಮನಿದ್ದೆ. ಆಮೇಲೆ ಗುಂಪಿನಿಂದ ಒಂದು ಗುಲಾಬಿಯೂ ಬರಲಿಲ್ಲ. ನನ್ನ ಉಪದೇಶದ ಫಲವೆಂದು ಹೆಂಡತಿ ಗಿರಿಜೆಯ ಮುಂದೆ ಮೀಸೆ ತಿರುವಿದೆ.

ಆ ಭಾನುವಾರ ಮಗಳು ಸಿಂಧುವನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹೊಳೆದಂಡೆಯ ಜನ, ನೀರಿಗೆ ಬರವಿಲ್ಲದವರು. ಬಂದವರಿಗೆ ಕೈಕಾಲಿಗೆ ನೀರು ಕೊಟ್ಟು, ಕುಡಿಯಲು ಕೊಟ್ಟು, ಆಮೇಲೆ ಮಾತು. ಬೆಳಿಗ್ಗೆ ಗಿರಿಜೆ ಮೋಟರು ಹಾಕಿದಳು. ಅದು ಬರೀ ಗೊರಗೊರ ಎಂದಿತು. ಸಂಪಿನ ತಳ ಕಾಣುತ್ತಿತ್ತು.

ಕಾಂಪೌಂಡಿನ ಮೇಲಿಂದ ಚನ್ನಬಸಪ್ಪನವರನ್ನು ಕೂಗಿದೆ. “ನೀರು ಮೊನ್ನೇನೇ ಬಂದಿತ್ತಲ್ರೀ. ನಿಮ್ನ ಗ್ರೂಪಿಂದ ತೆಗ್ದಾತು. ಕೇಳ್ದೆ, ನೀವು ಮಾತಾಡ್ಲಿಲ್ಲ. ನಿಮ್ದೇ ರೂಲ್ಸು!”

“ಅಯ್ಯೋ, ಕೊಟ್ರಪ್ಪ ಹೇಳಿದ್ನಲ್ರೀ! ಓಣಿಗೆ ಒಬ್ಬ ಹೇಳಿದ್ರೆ ಎಲ್ಲರೂ ಹೇಳಿದಂಗೆ.”

“ಕೊಟ್ರಪ್ಪ ಅವನ ಮನೆಗೆ ಹೇಳ್ದ. ಅವನ ಸಂಪು ತುಂಬಿದ್ರೆ ನಿಮ್ ಸಂಪು ತುಂಬ್ತೈತೇನ್ರಿ?”

ಇದಕ್ಕೆ ಪಠ್ಯಪುಸ್ತಕದಲ್ಲೇ ಉತ್ತರವಿದೆ. ಅದೇ ಹೊಟ್ಟೆ ಉರಿಸುವ ಸಂಗತಿ. ಮಲ್ಟಿಕಾಸ್ಟ್ ನಿಯಮದ ಹೊಸ ಆವೃತ್ತಿಯಲ್ಲಿ ಒಬ್ಬ ಹೇಳಿದರೆ ಉಳಿದವರು ಸುಮ್ಮನಿರುವ ಪದ್ಧತಿಯನ್ನೇ ತೆಗೆದುಹಾಕಿದ್ದಾರೆ. ಪ್ರತಿಯೊಂದು ಯಂತ್ರವೂ ತನ್ನ ಉತ್ತರ ತಾನೇ ಕೊಡಬೇಕು. ನನಗೆ ಗೊತ್ತಿತ್ತು. ಪರೀಕ್ಷೆಗೆ ಹಳೆಯದೇ ಬರುವುದರಿಂದ ನಾನೂ ಹಳೆಯದರಲ್ಲೇ ನೆಮ್ಮದಿಯಾಗಿದ್ದೆ. ಮೆಣಸಿನಕಾಯಿ ವ್ಯಾಪಾರಿ ಪಾಠವಿಲ್ಲದೆ ಹೊಸದಕ್ಕೆ ಹೋಗಿದ್ದರು, ಗಿರಾಕಿಯ ದಯೆಯಿಂದ.

ಗಿರಿಜೆ ನನ್ನನ್ನೊಮ್ಮೆ ನೋಡಿದಳು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಬೀದಿಗೆ ಹೋಗಿ “ಯಾರಾದ್ರೂ ಇದೀರೇನ್ರೇ, ಒಂದ್ ಕೊಡ ನೀರು ಬೇಕಾಗಿತ್ತು” ಎಂದಳು. ಕೊಟ್ರಪ್ಪನ ಮನೆಯಿಂದ ಒಂದು ಕೊಡ ಬಂತು. ಅದು ಬಂತಲ್ಲ ಎಂದು ಯಾರೂ ಸುಮ್ಮನಾಗಲಿಲ್ಲ. ಪ್ರತಿ ಮನೆಯಿಂದಲೂ ಒಂದೊಂದು ಬಂತು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು.

ಹರಿಹರದವರು ಬಂದರು, ಕೈಕಾಲು ತೊಳೆದರು, ಕುಡಿದರು, ಉಪ್ಪಿಟ್ಟು ತಿಂದರು. ಹುಡುಗ, ಸಿಂಧು ಹಿತ್ತಿಲಲ್ಲಿ ಬಹಳ ಹೊತ್ತು ಮಾತಾಡಿಬಂದರು. ಹುಡುಗನಿಗೆ ಒಪ್ಪಿಗೆ. ಅವನ ತಾಯಿ ತಂಬಿಗೆ ಕೈಯಲ್ಲೇ ಹಿಡಿದು, “ಹುಡುಗಿ ಏನಂತಾಳ್ರಿ?” ಎಂದರು.

“ಅವಳ್ದೇನ್ರಿ, ಒಪ್ಪಿಗೇನೇ. ನಾವು ಹೇಳ್ದಂಗೆ” ಎಂದುಬಿಟ್ಟೆ.

ಒಳಗಿನಿಂದ ಗಿರಿಜೆಯ ದನಿ ಬಂತು: “ಅವಳ ಉತ್ರ ಅವಳು ಕೊಡ್ತಾಳ. ನೀವು ಕೊಟ್ರಪ್ಪ ಆಗಬ್ಯಾಡ್ರಿ!”

ಯಾವ ಕೊಟ್ರಪ್ಪ ಎಂದು ಹರಿಹರದವರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಚಪ್ಪಲಿಯಲ್ಲಿ ಹೊಡೆದಂತಾಯಿತು. ಕೇಳದೆ ಗುಂಪಿಗೆ ಸೇರಿಸುವವರನ್ನು ಬಾಯಿಗೆ ಬಂದಂತೆ ಬೈಯುವ ನಾನು, ಮಗಳನ್ನು ಒಂದು ಇಡೀ ಮನೆತನಕ್ಕೆ ಸೇರಿಸಲು ಹೊರಟಿದ್ದೆ, ಒಂದು ಬೆರಳೊತ್ತಿದಷ್ಟೇ ಸಲೀಸಾಗಿ.

ಸಿಂಧು ತುಸು ತಡೆದಳು. ಸುಮ್ಮನಿದ್ದರೆ ಏನು ಗತಿ! ಕೊನೆಗೆ ಹುಡುಗನ ತಾಯಿಯನ್ನೇ ನೋಡಿ ಹೇಳಿದಳು: “ನಿಮ್ ಮನೆಗೆ ಖುಷಿಯಾಗಿ ಬರ್ತೀನ್ರಿ ಅಮ್ಮ. ನಿಮ್ ಫ್ಯಾಮಿಲಿ ಗ್ರೂಪಿಗೆ ಮಾತ್ರ ನನ್ನ ಕೇಳದೇ ಸೇರಿಸ್ಬ್ಯಾಡ್ರಿ.”

ಆ ತಾಯಿ ನಕ್ಕ ರಭಸಕ್ಕೆ ತಂಬಿಗೆಯ ನೀರೆಲ್ಲ ನನ್ನ ಪಂಚೆಯ ಮೇಲೆ ಚೆಲ್ಲಿತು. ಚೆಲ್ಲಲಿ ಬಿಡಿ, ಅಡುಗೆಮನೆಯಲ್ಲಿ ಬೇಕಾದಷ್ಟಿತ್ತು.