ನಾನು ಹಾಕದೆ ಬಿಟ್ಟ ಏಳು ಕೊಂಡಿಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಸೊಸೆಯಾಗಿ ಬಂದವಳು. ಎಳೆ ಹರಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದವಳು. ಮಾಟ, ಗಾಳಿ ಎಂದವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಕಾರಣ ಹೊಳೆದರೆ ಮಾತ್ರ ನನಗೂ ತಿಳಿಸಿ.

ಎಪ್ಪತ್ತರ ದಶಕದ ಕೊನೆಯ ಮಾತು. ಇಳಕಲ್ಲಿನಲ್ಲಿ ನಮ್ಮದು ಎರಡು ಮಗ್ಗದ ಮನೆ. ಒಂದರಲ್ಲಿ ನನ್ನ ಗಂಡ, ಇನ್ನೊಂದರಲ್ಲಿ ಮೈದುನ. ನನ್ನ ಮದುವೆಯಾಗಿ ಆರು ವರ್ಷ ಕಳೆದರೂ ಮಕ್ಕಳಿರಲಿಲ್ಲ. ಮೈದುನನ ಹೆಂಡತಿ ಗಂಗವ್ವ ಮನೆಗೆ ಬಂದು ವರ್ಷ ತುಂಬುವುದರೊಳಗೆ ಬಸುರಾದಳು.

ಹೊಟ್ಟೆಕಿಚ್ಚು ಎಂದರೇನೆಂದು ನನಗೆ ಆಗ ಗೊತ್ತಾಯಿತು. ಅವಳು ವಾಂತಿ ಮಾಡಿಕೊಂಡರೂ ನನಗೆ ಹೊಟ್ಟೆಕಿಚ್ಚು. ಅತ್ತೆ ಅವಳಿಗೆ ಮಾವಿನಕಾಯಿ ಹೆಚ್ಚಿ ಕೊಟ್ಟರೆ ನನ್ನ ಊಟ ಸೇರುತ್ತಿರಲಿಲ್ಲ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಧಾನಕ್ಕೆ ಏಳುವುದನ್ನು ನಾನು ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಮಾಡಿ ನೋಡಿದ್ದೇನೆ. ನಾಚಿಕೆ ಬಿಟ್ಟೇ ಹೇಳುತ್ತಿದ್ದೇನೆ.

ನನ್ನ ಹೊಟ್ಟೆಯೂ ಕೆಳಭಾಗದಲ್ಲಿ ಗಟ್ಟಿಯಾಗಿತ್ತು. ತಿಂಗಳಿಗೊಮ್ಮೆ ಹತ್ತು ಹತ್ತು ದಿನ ರಕ್ತ ಹೋಗುತ್ತಿತ್ತು, ಒಮ್ಮೊಮ್ಮೆ ಹೆಪ್ಪು ಹೆಪ್ಪಾಗಿ. ಮೈಯಲ್ಲಿ ಉಷ್ಣ ಹೆಚ್ಚಾಗಿರಬೇಕು ಅಂದುಕೊಂಡು ಮಜ್ಜಿಗೆ ಕುಡಿಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಬಾದಾಮಿ ಕಡೆಯ ದೇವಿಗೆ ಹರಕೆ ಹೊತ್ತಿದ್ದಾಯಿತು, ಕಾಯಿ ಕಟ್ಟಿದ್ದಾಯಿತು. ಅಷ್ಟರಲ್ಲಿ ಹುನಗುಂದದಲ್ಲಿ ಒಂದು ಹುಡುಗಿ ಇದೆ ಎಂಬ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ನನ್ನ ಗಂಡನಿಗೆ ಎರಡನೆಯ ಸಂಬಂಧ. ಗಂಗವ್ವನ ಕುಬಸ ಮುಗಿದ ಮೇಲೆ ಹೋಗಿ ನೋಡಿ ಬರುವುದೆಂದು ಮಾತಾಯಿತು.

ಕುಬಸ ಎಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ನೇಕಾರರ ಮನೆಯಲ್ಲಿ ಸೀರೆಯನ್ನು ಕೊಂಡು ತರುತ್ತಾರೆಯೇ? ಮೈದುನ ತಾನೇ ನೇಯುತ್ತೇನೆಂದ. ನಮ್ಮ ಸೀರೆಯ ವಿಶೇಷ ಗೊತ್ತಿಲ್ಲದವರಿಗೆ ಒಂದು ಮಾತು. ಮೈಯ ಎಳೆಗಳು ಬೇರೆ, ಕೆಂಪು ಸೆರಗಿನ ಎಳೆಗಳು ಬೇರೆ. ಮಗ್ಗಕ್ಕೆ ಏರಿಸುವ ಮೊದಲು ಒಂದೊಂದೇ ಎಳೆಯನ್ನು ಇನ್ನೊಂದರೊಳಗೆ ತೂರಿಸಿ ಕೈಯಿಂದಲೇ ಕೂಡಿಸಬೇಕು. ಇದೇ ಕೊಂಡಿ ಹಾಕುವುದು. ಸಾವಿರಾರು ಕೊಂಡಿ, ಹೆಂಗಸರ ಕೆಲಸ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಗಂಗವ್ವನಿಗೆ ಬಗ್ಗಿ ಕೂರಲು ಆಗುತ್ತಿರಲಿಲ್ಲ. ಉಳಿದವಳು ನಾನು. ನಾನು ಎಡಗೈಯವಳು, ನನ್ನ ಕೊಂಡಿಯ ಹೊಸೆತ ಎಲ್ಲರದಕ್ಕಿಂತ ತಿರುಗಾಮುರುಗಾ ಬೀಳುತ್ತದೆ. ಬಲಗೈಯವರಿಗೆ ಅದು ಬರುವುದೇ ಇಲ್ಲ. ಅತ್ತೆ ಇದಕ್ಕೇ ನನ್ನನ್ನು ಎಡಚಿ ಎಂದು ಕರೆಯುತ್ತಿದ್ದರು.

ಎರಡು ದಿನ ಕೂತು ಕೊಂಡಿ ಹಾಕಿದೆ. ದಡಿಯ ಪಕ್ಕದ ಮೊದಲ ಏಳು ಎಳೆಗಳನ್ನು ಮಾತ್ರ ಬೇಕೆಂದೇ ಕೂಡಿಸಲಿಲ್ಲ. ತುದಿಗೆ ತುದಿ ಇಟ್ಟು ಗಂಜಿ ಹಚ್ಚಿ ಅಂಟಿಸಿದೆ. ನೇಯುವಷ್ಟು ಹೊತ್ತು ನಿಲ್ಲುತ್ತದೆ, ಉಟ್ಟು ಎಳೆದರೆ ಸೆರಗು ಅಲ್ಲಿ ಬಿಡುತ್ತದೆ. ಕುಬಸದ ದಿನ ಸೆರಗು ಬಿಟ್ಟರೆ ಊರೆಲ್ಲ ಅಪಶಕುನ ಎನ್ನುತ್ತದೆ. ಆ ದಿನವಾದರೂ ಅವಳ ಮುಖ ಬಾಡಲಿ ಎಂದು ನನ್ನ ಮನಸ್ಸು ಬಯಸಿತ್ತು.

ಮೈದುನ ನೇಯ್ದು ಮುಗಿಸಿ, "ಒಂದ ಎಳಿನೂ ಜಾರಲಿಲ್ಲ ನೋಡ್ರಿ ವೈನಿ" ಎಂದ. ಜಾರುತ್ತದೆ ತಡಿ ಎಂದುಕೊಂಡೆ.

ಕುಬಸದ ದಿನ ಮಧ್ಯಾಹ್ನ ಪಡಸಾಲೆ ತುಂಬ ಹೆಂಗಸರು. ನಾನು ಕಂಬದ ಹಿಂದೆ ನಿಂತಿದ್ದೆ, ನನ್ನ ಜಾಗ ಅದೇ. ಉಡಿ ತುಂಬುವ ಹೊತ್ತಿಗೆ ಗಂಗವ್ವ ತಲೆ ಎತ್ತಿ, "ಮೊದಲ ಯಕ್ಕ ತುಂಬಲಿ" ಎಂದಳು.

"ಆಕಿ ಯಾಕವಾ? ಮಕ್ಕಳ ತಾಯಂದಿರು ಇಷ್ಟ ಮಂದಿ ಕುಂತಾರಲ್ಲ" ಎಂದರು ಅತ್ತೆ.

"ಸೀರಿ ಕೂಡಿಸಿದಾಕಿ ಆಕಿ. ಉಡೀನೂ ಆಕೀನ ತುಂಬಲಿ ಬಿಡ್ರಿ, ಅತ್ತಿ."

ಹೋದೆ. ಉಡಿ ತುಂಬಿದೆ. ಸೆರಗನ್ನು ಅವಳ ತಲೆಯ ಮೇಲೆ ಸರಿಪಡಿಸುವ ನೆಪದಲ್ಲಿ ಆ ಏಳು ಎಳೆಗಳ ಜಾಗವನ್ನೇ ಹಿಡಿದು ಜಗ್ಗಿದೆ. ಬಿಡಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಆ ಕ್ಷಣಕ್ಕೇ ನನ್ನ ಕಾಲಿಗುಂಟ ಬೆಚ್ಚಗೆ ರಕ್ತ ಇಳಿಯಿತು. ಮುಟ್ಟಿನ ದಿನ ಬಂದಿರಲಿಲ್ಲ, ಸೂಚನೆಯೂ ಇರಲಿಲ್ಲ. ಮುಟ್ಟಾದವಳು ಉಡಿ ತುಂಬಿದಳು ಎಂದು ತಿಳಿದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುನಗುಂದದವಳು ಮರುವಾರವೇ ಬರುತ್ತಿದ್ದಳು.

ಗಂಗವ್ವ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಯಕ್ಕಾ, ನನಗ ಹಿತ್ತಲಕ್ಕ ಹೋಗಬೇಕಾಗೈತಿ, ಮುಂದ ನಡಿ" ಎಂದು ಎದ್ದು, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ನನ್ನ ಹಿಂದೆಯೇ ಬಂದಳು. ಅದೇ ಸೆರಗನ್ನು ಅಗಲಿಸಿ ನನ್ನ ಬೆನ್ನಿಗೆ ಮರೆ ಹಿಡಿದಿದ್ದಳು. ಯಾರಿಗೂ ಏನೂ ಕಾಣಲಿಲ್ಲ.

"ಎಷ್ಟ ದಿನದಿಂದ ಹಿಂಗ?" ಎಂದು ಬಚ್ಚಲಲ್ಲಿ ಕೇಳಿದಳು.

"ಮದುವ್ಯಾದಾಗಿಂದ."

"ಯಾರಿಗೂ ಹೇಳೇ ಇಲ್ಲ?"

"ಯಾರ ಕೇಳ್ಯಾರ?" ಎಂದೆ. ಅವಳು ಅತ್ತುಬಿಟ್ಟಳು. ನಾನು ಅಳಲಿಲ್ಲ. ನಿಜ ಹೇಳಲೇ? ಆ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವಳು ಅತ್ತರೆ ಏನಾಯಿತೆಂದು ಕೇಳುವವರು ಮನೆ ತುಂಬ ಇದ್ದರು.

ಸೆರಗಿಗೆ ಕಲೆ ತಾಗಿತ್ತು. ಮರುದಿನ ಎಲ್ಲರೂ ಕೆಲಸದಲ್ಲಿದ್ದಾಗ ಹಿತ್ತಲಲ್ಲಿ ನಾನೇ ಅದನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದೆ. ಗಂಜಿ ಇದ್ದರೆ ಕರಗಿ ಹೋಗಲೇಬೇಕು. ಬಿಸಿಲಿಗೆ ಹಿಡಿದು ಸೂಜಿಯ ಮೊನೆಯಿಂದ ಬಿಡಿಸಿ ನೋಡಿದೆ. ಏಳೂ ಎಳೆಗಳಿಗೆ ಕೊಂಡಿ ಬಿದ್ದಿತ್ತು. ಎಲ್ಲವೂ ಎಡಗೈಯ ಹೊಸೆತ.

ಬೇರೆ ಜಾಗ ನೋಡುತ್ತಿದ್ದೇನೇನೋ ಎಂದು ಆ ಕಡೆಯ ದಡಿಯನ್ನೂ ನೋಡಿದೆ. ಅಲ್ಲಿಯೂ ಎಲ್ಲ ಕೂಡಿತ್ತು. ಮೈದುನನನ್ನು ಸುತ್ತಿ ಬಳಸಿ ಕೇಳಿದೆ, ಅವನು ಮುಟ್ಟಿರಲಿಲ್ಲ. ಮುಟ್ಟಿದ್ದರೂ ಅವನು ಬಲಗೈಯವನು. ನಾನೇ ಹಾಕಿ ಮರೆತೆನೇ? ಗಂಜಿಯ ಬಟ್ಟಲು ತಂದದ್ದು, ಬೆರಳಿಗೆ ಅಂಟಿದ್ದು, ಉಟ್ಟ ಸೆರಗಿಗೆ ಒರೆಸಿಕೊಂಡದ್ದು ಇವತ್ತಿಗೂ ನೆನಪಿದೆ.

ಗಂಗವ್ವ ಹಟ ಹಿಡಿದು ರಕ್ತ ಹೋಗುವ ಸಂಗತಿಯನ್ನು ನನ್ನ ಗಂಡನಿಗೆ ಹೇಳಿಸಿದಳು. ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಹೊಟ್ಟೆ ಒತ್ತಿ, ಒಳಗೆ ಪರೀಕ್ಷೆ ಮಾಡಿ, ಚೀಟಿಯ ಹಿಂದೆ ಗರ್ಭಕೋಶದ ಚಿತ್ರ ಬರೆದರು. "ಇವು ಮಾಂಸದ ಗಡ್ಡಿ. ಭಾಳ ಮಂದಿ ಹೆಂಗಸರಿಗೆ ಇರ್ತಾವ. ಕ್ಯಾನ್ಸರ್ ಅಲ್ಲ, ಅಂಜಬ್ಯಾಡ. ಹೊರಮೈಗೆ ಇದ್ದದ್ದು ಸುಮ್ಮನ ಇರ್ತೈತಿ, ಬಸುರಿಗೆ ಅಷ್ಟ ತ್ರಾಸ ಕೊಡೂದಿಲ್ಲ. ಒಳಗ, ಕೂಸು ಕೂಡೂ ಜಾಗಾದಾಗ ಬೆಳದ್ರ ಗರ್ಭ ನಿಲ್ಲೂದು ಕಷ್ಟ. ನಿನಗ ಒಳಗೂ ಇರಬೇಕು, ಅದಕ್ಕ ಇಷ್ಟ ರಕ್ತ."

"ಹೊಟ್ಟಿಕಿಚ್ಚಿಗೆ ಇದು ಬರ್ತದೇನ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ಹಂಗಿದ್ರ ಇಡೀ ಬಾಗಲಕೋಟಿನ ಇಲ್ಲಿ ಪಾಳಿ ಹಚ್ತಿತ್ತು. ನಿನ್ನ ತಪ್ಪಲ್ಲ ಇದು, ಯಾರ ತಪ್ಪೂ ಅಲ್ಲ."

ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳಿದ ನನ್ನ ಗಂಡ ಮನೆಗೆ ಬಂದು, "ಹುನಗುಂದದ ಮಾತ ಇನ್ನ ತಗೀಬ್ಯಾಡವ್ವ" ಎಂದು ತಾಯಿಗೆ ಹೇಳಿದರು. ಆಪರೇಷನ್ ಆಯಿತು. ಗಡ್ಡೆಗಳನ್ನಷ್ಟೇ ತೆಗೆದು ಗರ್ಭಕೋಶ ಉಳಿಸಿದರು. ಖಾತ್ರಿ ಮಾತ್ರ ಕೊಡಲಿಲ್ಲ. ರಕ್ತ ಹತೋಟಿಗೆ ಬಂತು. ಎರಡು ವರ್ಷದ ಮೇಲೆ ಒಮ್ಮೆ ಗರ್ಭ ನಿಂತಿತು, ಮೂರು ತಿಂಗಳಿಗೆ ಹೋಯಿತು. ಮತ್ತೆ ಆಗಲಿಲ್ಲ. ಗಂಗವ್ವನ ಮಗ ಅರ್ಧ ನನ್ನ ತೊಡೆಯ ಮೇಲೆಯೇ ಬೆಳೆದ. ನಿದ್ದೆಗಣ್ಣಿನಲ್ಲಿ ಮಾತ್ರ ಅವ್ವಾ ಎಂದು ಅವಳನ್ನೇ ಕರೆಯುತ್ತಿದ್ದ.

ಎಂಟೊಂಬತ್ತು ವರ್ಷದ ಮೇಲೆ ಗಂಗವ್ವ ಟ್ರಂಕು ತೆಗೆದಾಗ ಆ ಸೀರೆ ಕೈಗೆ ಬಂತು. "ನೋಡ ಯಕ್ಕಾ, ಸೀರಿ ಮೈಯೆಲ್ಲಾ ಹರದು ಜೂಲಾಗೇತಿ, ಕೊಂಡಿ ಹಂಗ ಅದಾವ. ನಿನ್ನ ಕೈ ಭಾಳ ಚೊಕ್ಕ" ಎಂದಳು. ಹೇಳಿಬಿಡಬೇಕೆಂದುಕೊಂಡೆ. ಆಗಲಿಲ್ಲ. ಇಂದಿಗೂ ಹೇಳಿಲ್ಲ.

ಗಂಗವ್ವನ ಮೇಲಿನ ಹೊಟ್ಟೆಕಿಚ್ಚು ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಆದರೆ ಆ ಏಳು ಕೊಂಡಿ ಹಾಕಿದವಳೊಬ್ಬಳು ಇದ್ದಾಳಲ್ಲ, ನನ್ನದೇ ಕೈ ಇರುವವಳು, ಅವಳನ್ನು ನೆನೆದರೆ ಇವತ್ತಿಗೂ ತಡೆಯಲಾಗದಷ್ಟು ಹೊಟ್ಟೆಕಿಚ್ಚಾಗುತ್ತದೆ. ಗಂಗವ್ವ ಯಕ್ಕಾ ಎಂದು ಕರೆಯುವುದು ಅವಳನ್ನು. ಪ್ರತಿ ಸಲ ಓಗೊಡುವವಳು ನಾನು.